ಹಿತ್ತಲಲ್ಲಿ ಒಣಗಿಸಿದ ದೋಣಿಗಳು

ನಮ್ಮ ತೇನಾ ಊರಿನಲ್ಲಿ ಬೀದಿಗೊಬ್ಬ ಪ್ರವಾಸದ ಏಜೆಂಟು ಸಿಗುತ್ತಾನೆ. ನದಿ ತೋರಿಸುತ್ತೇವೆ, ಕಾಡು ತೋರಿಸುತ್ತೇವೆ ಎಂದು ಎಲ್ಲರೂ ಬೋರ್ಡು ಹಾಕಿಕೊಂಡವರೇ. ಆದರೆ ಇಡೀ ಒಂದು ವಾರವನ್ನು ಬುಟ್ಟಿ ಹೆಣೆದಂತೆ ಹೆಣೆದು ಕೊಡುವುದು ಡೆಲ್ಫಿನಾ ಗ್ರೇಫಾ ಒಬ್ಬಳಿಗೇ ಬರುತ್ತದೆ ಎಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಬಂದವರನ್ನು ಮೊದಲು ಎತ್ತರದ ಬೆಟ್ಟದೂರು ಪಾಪಯಾಕ್ತದ ಚಳಿಗೆ ಕರೆದೊಯ್ದು, ಸೈಕಲ್ ಹತ್ತಿಸಿ ಇಳಿಜಾರಿನಲ್ಲಿ ಬಿಡುತ್ತಾಳೆ. ಮರುದಿನ ಮಂಜಿನ ಕಾಡಿನಲ್ಲಿ ನಡೆಸುತ್ತಾಳೆ. ಆಮೇಲೆ ಸೊಂಟಕ್ಕೆ ಹಗ್ಗ ಕಟ್ಟಿ ಜಲಪಾತದ ಬಂಡೆಯಿಂದ ಇಳಿಸುತ್ತಾಳೆ, ಗುಹೆಯ ನೀರಿನಲ್ಲಿ ಈಜಿಸುತ್ತಾಳೆ, ಕೊನೆಗೆ ಹತುನ್‌ಯಾಕು ನದಿಯಲ್ಲಿ ರಬ್ಬರ್ ದೋಣಿ ಹತ್ತಿಸುತ್ತಾಳೆ. "ನಮ್ಮ ಈಕ್ವೆಡಾರ್ ಸಣ್ಣ ದೇಶ ಸ್ವಾಮಿ. ಬೆಳಿಗ್ಗೆ ನಡುಗ್ತೀರಿ, ಸಂಜೆ ಬೆವರ್ತೀರಿ. ಮಧ್ಯದಲ್ಲಿ ಸೈಕಲ್ಲಿಂದ ಬೀಳದೇ ಇದ್ರೆ ಸಾಕು" ಎಂದು ಅವಳು ಬಂದವರಿಗೆಲ್ಲ ಹೇಳುವ ಮಾತು. ಬಂದವರು ಹೋಗುವಾಗ ಮೈತುಂಬ ಸೊಳ್ಳೆ ಕಡಿದ ಗುರುತು ಇರುತ್ತದೆ, ಆದರೂ ನಗುತ್ತ ಹೋಗುತ್ತಾರೆ.

ನಾನು ಅವಳ ಅಡುಗೆಯವಳು. ಹೆಸರು ರೊಸೌರಾ, ಆದರೆ ಅವಳಿಗೂ ಅವಳ ಮಗನಿಗೂ ನಾನು ಅಕ್ಕ. ಪ್ರವಾಸಿಗಳ ಹಿಂದೆ ಪಿಕಪ್ ಗಾಡಿಯಲ್ಲಿ ಪಾತ್ರೆ ಹೇರಿಕೊಂಡು ಹೋಗಿ, ಅವರು ಎಲ್ಲಿ ಒದ್ದೆಯಾಗಿ ಮೇಲೆ ಬರುತ್ತಾರೋ ಅಲ್ಲಿ ಅನ್ನ ಹಾಕುವುದು ನನ್ನ ಕೆಲಸ. ಡೆಲ್ಫಿನಾಳ ಯೋಜನೆಗಳೆಲ್ಲ ಹುಟ್ಟುವುದು ನನ್ನ ಅಡುಗೆಮನೆಯ ಮೇಜಿನ ಮೇಲೆ. ಕಂಪ್ಯೂಟರಿನಲ್ಲಿ ಬರೆಯುವುದೆಲ್ಲ ಆಮೇಲೆ. ಮೊದಲು ತನ್ನ ಬೂಟಿನ ದಾರ ಬಿಚ್ಚಿ ಮೇಜಿನ ಮೇಲೆ ಅಂಕುಡೊಂಕಾಗಿ ಹಾಸುತ್ತಾಳೆ, ಅದು ನದಿ. ಬಾಟಲಿಯ ಮುಚ್ಚಳಗಳು ದೋಣಿಗಳು. ನನ್ನ ಡಬ್ಬಿಯಿಂದ ತೆಗೆದ ಬೀನ್ಸ್ ಕಾಳುಗಳು ಅತಿಥಿಗಳು. ಹುರಿದ ಜೋಳದ ಕಾಳುಗಳು ಮಾರ್ಗದರ್ಶಿಗಳು. ಒಬ್ಬ ಅತಿಥಿಗೆ ಮಂಡಿನೋವು ಎಂದರೆ ಆ ಕಾಳನ್ನು ಕಾಡಿನಿಂದ ಎತ್ತಿ ಬಿಸಿನೀರಿನ ಬುಗ್ಗೆಗೆ ಸೇರಿಸುತ್ತಾಳೆ. ಯೋಜನೆ ಮುಗಿದ ಮೇಲೆ ಅತಿಥಿಗಳೆಲ್ಲ ನನ್ನ ಸಾರಿಗೆ ಬೀಳುತ್ತಾರೆ.

ಆ ಜೋಳದ ಕಾಳುಗಳಲ್ಲಿ ಅತಿ ದಪ್ಪನೆಯದು ಯಾವಾಗಲೂ ಮೊದಲ ದೋಣಿಯಲ್ಲಿ ಕೂರುತ್ತಿತ್ತು. ಅದು ವೆನಾನ್ಸಿಯೊ ಆಂದಿ, ಅವಳ ಕೊಂಪಾದ್ರೆ. ಅವಳ ಮಗ ವಿಲ್ಮರ್‌ಗೆ ಜ್ಞಾನಸ್ನಾನ ಆದಾಗ ಮಗುವನ್ನು ಎತ್ತಿಕೊಂಡು ನಿಂತವನು ಅವನು. ಹಾಗೆ ನಿಂತವನು ಮಗುವಿಗೆ ಪದ್ರಿನೊ, ತಾಯಿಗೆ ಕೊಂಪಾದ್ರೆ; ತಾಯಿ ಅವನಿಗೆ ಕೊಮಾದ್ರೆ. ಗಂಡ ಎಣ್ಣೆ ಬಾವಿಯ ಕೆಲಸಕ್ಕೆಂದು ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದಾಗ, ಬಸ್ ನಿಲ್ದಾಣದಲ್ಲಿ ಬಾಳೆಕಾಯಿ ಕರಿದು ಮಾರುತ್ತಿದ್ದ ಡೆಲ್ಫಿನಾಳಿಗೆ "ಪ್ರವಾಸಿಗಳನ್ನ ನೀವು ಹಿಡ್ಕೊಂಡು ಬನ್ನಿ, ನದಿ ನಾನು ನೋಡ್ಕೊಳ್ತೀನಿ" ಎಂದವನೂ ಅವನೇ. ವಿಲ್ಮರ್‌ಗೆ ಹುಟ್ಟು ಹಿಡಿಯಲು ಕಲಿಸಿದವನೂ ಅವನೇ.

ನಮ್ಮಲ್ಲಿ ಬೀಗರ ಜೊತೆ ಜಗಳ ಆಡಬಹುದು, ಕೊಂಪಾದ್ರೆ ಜೊತೆ ಆಡುವಂತಿಲ್ಲ. ಏಕವಚನ ಇಲ್ಲ. ಕೊಟ್ಟದ್ದನ್ನು ಬೇಡ ಎನ್ನುವಂತಿಲ್ಲ. ಮುಖ್ಯವಾಗಿ, ಕೆಲಸಕ್ಕೆ ಬಾ ಎಂದು ಕರೆಯುವಂತಿಲ್ಲ. ಕೂಲಿಯವನನ್ನು ಕರೆಯುತ್ತಾರೆ, ಕೊಂಪಾದ್ರೆ ತಾನೇ ಬರುತ್ತಾನೆ. ನದಿಗೆ ಇಳಿಯುವ ಹಿಂದಿನ ದಿನ ಡೆಲ್ಫಿನಾ ದೋಣಿಗಳನ್ನು ತೊಳೆದು ಗಾಳಿ ತುಂಬಿ ಮನೆಯ ಮುಂದೆ ಒಣಗಲು ಇಡುತ್ತಿದ್ದಳು. ಪೇಟೆಗೆ ಬಂದ ವೆನಾನ್ಸಿಯೊ ಅದನ್ನು ನೋಡಿ ಏನೂ ಮಾತಾಡದೆ ಹೋಗುತ್ತಿದ್ದ. ಮರುದಿನ ಬೆಳಿಗ್ಗೆ ನದಿಯ ದಂಡೆಯಲ್ಲಿ ಎಲ್ಲರಿಗಿಂತ ಮೊದಲು ಹೆಲ್ಮೆಟ್ ಹಾಕಿಕೊಂಡು ನಿಂತಿರುತ್ತಿದ್ದ. ಇಷ್ಟು ವರ್ಷಗಳಲ್ಲಿ ಅವಳು ಒಮ್ಮೆಯೂ ಕರೆದಿಲ್ಲ, ಅವನು ಒಮ್ಮೆಯೂ ತಪ್ಪಿಸಿಲ್ಲ.

ಹೋದ ವರ್ಷ ಹೊರದೇಶದ ಒಂದು ದೊಡ್ಡ ಕಂಪನಿ ಡೆಲ್ಫಿನಾಳನ್ನು ಹುಡುಕಿಕೊಂಡು ಬಂತು. ಮೊದಲ ಗುಂಪು ಒಪ್ಪಿದರೆ ವರ್ಷವಿಡೀ ಜನ ಕಳಿಸುತ್ತೇವೆ ಎಂದರು. ಆ ಗುಂಪಿನ ಜೊತೆಗೆ ಕಂಪನಿಯ ಒಬ್ಬ ಹೆಂಗಸೂ ಬಂದು ಎಲ್ಲವನ್ನೂ ಪರೀಕ್ಷೆ ಮಾಡುವವಳಿದ್ದಳು. ಕಂಪನಿಯವರು ಒಂದು ಷರತ್ತು ಹಾಕಿದ್ದರು: ನದಿಯಲ್ಲಿ ದೋಣಿ ನಡೆಸುವವರು ಪರೀಕ್ಷೆ ಪಾಸಾಗಿ ಪರವಾನಗಿ ಪಡೆದಿರಬೇಕು, ವಯಸ್ಸು ಐವತ್ತೈದು ದಾಟಿರಬಾರದು. ವೆನಾನ್ಸಿಯೊನ ಬಳಿ ಪರವಾನಗಿ ಇರಲಿಲ್ಲ, ವಯಸ್ಸು ಬೇಕಾದಷ್ಟಿತ್ತು.

ಅವತ್ತು ಮಧ್ಯಾಹ್ನ ಅವಳು ಎಂದಿನಂತೆ ಮೇಜಿನ ಮೇಲೆ ಬೂಟಿನ ದಾರ ಹಾಸಿದಳು. ಮುಚ್ಚಳಗಳನ್ನು ಇಟ್ಟಳು. ಮೊದಲ ಮುಚ್ಚಳದಲ್ಲಿ ವಿಲ್ಮರ್‌ನ ಕಾಳು ಇಟ್ಟಳು, ಎರಡನೆಯದರಲ್ಲಿ ಬಾನ್ಯೋಸ್ ಊರಿನಿಂದ ಬರುವ ಹೊಸಬನದು; ಇಬ್ಬರಿಗೂ ಪರವಾನಗಿ ಇತ್ತು. ದಪ್ಪ ಕಾಳು ಅವಳ ಕೈಯಲ್ಲೇ ಉಳಿಯಿತು. ಸ್ವಲ್ಪ ಹೊತ್ತು ಅದನ್ನು ಉರುಳಿಸುತ್ತ ಕೂತು, ಕೊನೆಗೆ ಬಾಯಿಗೆ ಹಾಕಿಕೊಂಡು ಕಟಕಟ ಅಗಿದಳು.

"ಕೊಂಪಾದ್ರೆನ ತಿಂದೇಬಿಟ್ಯಲ್ಲೇ!" ಎಂದೆ ನಾನು.

ಅವಳು ನಗಲಿಲ್ಲ. "ಏನ್ಮಾಡ್ಲಿ ಅಕ್ಕಾ? ಕಂಪನಿಯೋರು ಒಪ್ಪಲ್ಲ."

"ಕಂಪನಿಯೋರು ಒಪ್ಪದೇ ಇರ್ಲಿ. ಕೊಂಪಾದ್ರೆಗೆ ಹೇಳಿದ್ಯಾ?"

"ಹೇಳೋದೇನು? ಕರೆಯದೇ ಇದ್ರೆ ಅವರಿಗೇ ಗೊತ್ತಾಗುತ್ತೆ."

"ಅಯ್ಯೋ ಪೆದ್ದಿ, ಯಾವತ್ತು ಕರೆದಿದ್ದೆ ನೀನು? ಕರೆಯದೇ ಇದ್ರೆ ಬಾ ಅಂತ ತಾನೇ ಅರ್ಥ?"

ಅಷ್ಟು ಜನರ ವಾರಗಟ್ಟಲೆ ಓಡಾಟವನ್ನು ಕಾಳುಗಳಲ್ಲಿ ಜೋಡಿಸುವವಳಿಗೆ ಇದು ಹೊಳೆದೇ ಇರಲಿಲ್ಲ. "ನಾಳೆ ಹೋಗಿ ಹೇಳ್ಬಿಡ್ತೀನಿ" ಎಂದಳು.

ಹೋದಳು, ಅದು ಸುಳ್ಳಲ್ಲ. ವೆನಾನ್ಸಿಯೊನ ಮನೆ ಊರಾಚೆ, ನದಿಯ ಕಡೆಗೆ ಹೋಗುವ ರಸ್ತೆಯ ಬದಿಗಿದೆ. ಅವನ ಹೆಂಡತಿ ಒಬ್ದುಲಿಯಾ ಸೋರೆಬುರುಡೆಯ ತುಂಬ, ಗೆಡ್ಡೆ ಹುಳಿಸಿ ಮಾಡಿದ ಚಿಚ ಕೊಟ್ಟಳು. ವೆನಾನ್ಸಿಯೊ ಹುಟ್ಟಿನ ಹಿಡಿಗೆ ಹೊಸ ದಾರ ಸುತ್ತುತ್ತ ಕೂತಿದ್ದ. ಡೆಲ್ಫಿನಾ ಮಳೆಯ ಮಾತಾಡಿದಳು, ಮೀನಿನ ಮಾತಾಡಿದಳು, ಈಗಿನ ಕಾಲದಲ್ಲಿ ಎಲ್ಲದಕ್ಕೂ ಪರವಾನಗಿ ಕೇಳುತ್ತಾರೆ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಳು. "ಹೌದು ಕೊಮಾದ್ರೆ, ಕಾಲ ಕೆಟ್ಟೋಯ್ತು" ಎಂದು ಅವನು ತಲೆಯಾಡಿಸಿದ. ಅಷ್ಟರಲ್ಲಿ ಅವಳ ಧೈರ್ಯ ಖಾಲಿಯಾಗಿತ್ತು. ಹೇಳಲು ಹೋದವಳು ಅವನು ಕಡಿದು ಕೊಟ್ಟ ಬಾಳೆಗೊನೆ ಹೊತ್ತುಕೊಂಡು ವಾಪಸು ಬಂದಳು. ಆ ಹಣ್ಣನ್ನು ಅವಳು ಮುಟ್ಟಲಿಲ್ಲ, ನಾನೇ ಸುಟ್ಟು ತಿಂದೆ.

ಪ್ರವಾಸ ಶುರುವಾಯಿತು. ಸೈಕಲ್, ಕಾಡು, ಜಲಪಾತ ಎಲ್ಲ ಎಣಿಸಿದಂತೆಯೇ ನಡೆದವು. ಕಂಪನಿಯ ಹೆಂಗಸು ಎತ್ತರದವಳು, ಹೋದಲ್ಲೆಲ್ಲ ಎಲ್ಲದರ ಫೋಟೋ ತೆಗೆದುಕೊಂಡಳು, ಯಾವುದಕ್ಕೂ ಮುಖ ಸಿಂಡರಿಸಲಿಲ್ಲ. ನದಿಗೆ ಇಳಿಯುವ ಹಿಂದಿನ ದಿನ ನಾನು ನೀರು ಚೆಲ್ಲಲು ಹಿತ್ತಲಿಗೆ ಹೋದರೆ, ಕೋಳಿಗೂಡಿನ ಪಕ್ಕ ಎರಡೂ ದೋಣಿ ಗಾಳಿ ತುಂಬಿಕೊಂಡು ಮಲಗಿವೆ. ಪಾಪ, ಕೋಳಿಗಳು ಅವುಗಳ ಮೇಲೆ ಹತ್ತಿ ಕೂತಿದ್ದವು.

"ಇದೇನೇ ಇಲ್ಲಿ?"

"ಮುಂದೆ ಬಿಸಿಲು ಜಾಸ್ತಿ" ಎಂದಳು ಡೆಲ್ಫಿನಾ. ಮೋಡ ಮುಚ್ಚಿದ ದಿನ ಅದು. ನಾನು ಅವಳನ್ನೇ ನೋಡಿದೆ. ಅವಳು ಕೋಳಿಗಳನ್ನು ಓಡಿಸಲು ಹೋದಳು. ಅವಳ ಪರವಾಗಿ ನನಗೇ ನಾಚಿಕೆಯಾಯಿತು. ಬೈಯಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ, ಯಾಕೆಂದರೆ ಅವಳು ಆಗಲೇ ತನ್ನನ್ನು ತಾನು ಸಾಕಷ್ಟು ಬೈದುಕೊಂಡ ಮುಖದಲ್ಲಿದ್ದಳು.

ಬೆಳಿಗ್ಗೆ ನದಿಯ ದಂಡೆಗೆ ಇಳಿದೆವು. ದಂಡೆಯಲ್ಲಿ ಯಾರೂ ಇರಲಿಲ್ಲ. ಡೆಲ್ಫಿನಾ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅತಿಥಿಗಳು ಜಾಕೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದರು, ವಿಲ್ಮರ್ ಅವರಿಗೆ ಮುಂದೆ ಹುಟ್ಟು ಹಾಕುವುದು, ಹಿಂದೆ ಹುಟ್ಟು ಹಾಕುವುದು ತೋರಿಸುತ್ತಿದ್ದ. ಆಗ ರಸ್ತೆಯ ಮೇಲಿಂದ ಒಂದು ಹೆಲ್ಮೆಟ್ ಕಾಣಿಸಿತು. ವೆನಾನ್ಸಿಯೊ ಹುಟ್ಟು ಹೆಗಲಿಗಿಟ್ಟುಕೊಂಡು, ಕಲ್ಲುಗಳ ಮೇಲೆ ಅವಸರದಿಂದ ಇಳಿದು ಬಂದ. ಏದುಸಿರು ಬಿಡುತ್ತಿದ್ದ.

"ದೋಣಿ ಹಿತ್ತಲಲ್ಲಿ ಒಣಗಿಸಿದ್ರಂತೆ ಕೊಮಾದ್ರೆ?" ಎಂದು ನಗುತ್ತ ಬಂದ. "ಹಂಗೆಲ್ಲ ಮಾಡ್ಬೇಡಿ. ನಂಗೆ ಕಾಣ್ಲೇ ಇಲ್ಲ. ದಾರೀಲಿ ಬಸ್ಸಿನವನು ಹೇಳದೇ ಇದ್ದಿದ್ರೆ ಇವತ್ತು ತಪ್ಪೇ ಹೋಗ್ತಿತ್ತು!"

ಅವನಿಗೆ ಒಂದಿಷ್ಟೂ ಅನುಮಾನ ಇರಲಿಲ್ಲ. ಡೆಲ್ಫಿನಾಳ ಕೈ ಅವಳಿಗೇ ತಿಳಿಯದಂತೆ ಹೆಗಲಿಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಯಾರೂ ಅಂದೂ ಇರಲಿಲ್ಲ.

ವಿಲ್ಮರ್ ಹೆಲ್ಮೆಟ್ ತೆಗೆದು ಬಂದು ಅವನ ಮುಂದೆ ತಲೆ ಬಾಗಿಸಿ ನಿಂತ. "ಆಶೀರ್ವಾದ ಮಾಡಿ, ಪದ್ರಿನೊ." ವೆನಾನ್ಸಿಯೊ ಅವನ ತಲೆಯ ಮೇಲೆ ಕೈಯಿಟ್ಟ. "ದೇವರು ಒಳ್ಳೇದು ಮಾಡ್ಲಿ ಕಂದಾ. ಇವತ್ತು ನೀನು ಯಾವ ದೋಣಿ?" ವಿಲ್ಮರ್ ತಾಯಿಯ ಕಡೆ ನೋಡಿದ.

ಕಂಪನಿಯ ಹೆಂಗಸಿಗೆ ಆಶೀರ್ವಾದದ ದೃಶ್ಯ ಬಹಳ ಇಷ್ಟವಾಯಿತು. ಫೋಟೋ ತೆಗೆದುಕೊಂಡು ಡೆಲ್ಫಿನಾಳನ್ನು ಇಂಗ್ಲಿಷಿನಲ್ಲಿ ಕೇಳಿದಳು: ಈ ಹಿರಿಯರು ಯಾರು? ಇವರೂ ದೋಣಿ ನಡೆಸುತ್ತಾರಾ?

ಆಗ ಡೆಲ್ಫಿನಾ ಏನು ಬೇಕಾದರೂ ಹೇಳಬಹುದಿತ್ತು. ನನ್ನ ಮಗನ ಪದ್ರಿನೊ ಎನ್ನಬಹುದಿತ್ತು. ನಮಗೆಲ್ಲ ನದಿ ಕಲಿಸಿದವರು, ಇವತ್ತು ಬೀಳ್ಕೊಡಲು ಬಂದಿದ್ದಾರೆ ಎಂದಿದ್ದರೂ ಆಗುತ್ತಿತ್ತು, ಆ ಹೆಂಗಸು ಇನ್ನೊಂದು ಫೋಟೋ ತೆಗೆದುಕೊಂಡು ಸುಮ್ಮನಾಗುತ್ತಿದ್ದಳು. ಆದರೆ ಪರವಾನಗಿ ಇಲ್ಲದ ಮುದುಕನೊಬ್ಬ ಹುಟ್ಟು ಹಿಡಿದು ನಿಂತಿದ್ದಾನೆ, ವರ್ಷದ ಕೆಲಸವೆಲ್ಲ ನೀರು ಪಾಲಾಗುತ್ತದೆ ಎಂಬ ಹೆದರಿಕೆ ಅವಳನ್ನು ಹಿಡಿದುಕೊಂಡಿತ್ತು.

"ನೋ, ನೋ. ಅವರು ಕಿಚನ್" ಎಂದಳು.

ವೆನಾನ್ಸಿಯೊನ ಇಂಗ್ಲಿಷ್ ಅಂಗೈಯಗಲ. ಮುಂದೆ, ಹಿಂದೆ, ನಿಲ್ಲಿ, ಬಗ್ಗಿ ಎನ್ನುವುದು ಗೊತ್ತು. ಊಟ ಎನ್ನುವುದು ಗೊತ್ತು. ಕಿಚನ್ ಎನ್ನುವುದೂ ಗೊತ್ತು. ಅವನು ಮೊದಲು ದೋಣಿಗಳನ್ನು ನೋಡಿದ, ಆಮೇಲೆ ವಿಲ್ಮರ್‌ನನ್ನು, ಆಮೇಲೆ ಬಾನ್ಯೋಸ್‌ನ ಹೊಸಬನನ್ನು. ನಗು ಮುಖದಲ್ಲೇ ಇತ್ತು, ಆದರೆ ಅದನ್ನು ತೆಗೆಯಲು ಮರೆತಂತಿತ್ತು. ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ ಕೈಗೆ ತೆಗೆದುಕೊಂಡ.

"ಹೌದು ಹೌದು" ಎಂದ ಆ ಹೆಂಗಸಿಗೆ, ತಲೆಯಾಡಿಸುತ್ತ. "ಕಿಚನ್." ನನ್ನ ಕಡೆ ತಿರುಗಿ, "ಎಲ್ಲಮ್ಮಾ ಪಾತ್ರೆ? ಯಾವುದು ಎತ್ಲಿ?" ಎಂದು ಕೇಳಿದ.

ಇಷ್ಟು ವರ್ಷ ಅಡುಗೆ ಮಾಡಿದ ನನಗೆ ಅದು ಕೀಳು ಕೆಲಸ ಎಂದು ಯಾವತ್ತೂ ಅನಿಸಿರಲಿಲ್ಲ. ಅವತ್ತು ಅವನ ಕೈಗೆ ಯುಕ್ಕಾ ಗೆಡ್ಡೆಯ ಪಾತ್ರೆ ಕೊಡುವಾಗ ಮಾತ್ರ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ದೋಣಿಗಳು ನೀರಿಗೆ ಇಳಿದವು. ವಿಲ್ಮರ್ ಮೊದಲ ದೋಣಿಯ ಹಿಂದೆ ಕೂತು ಒಮ್ಮೆಯೂ ದಂಡೆಯ ಕಡೆ ತಿರುಗಲಿಲ್ಲ. ವೆನಾನ್ಸಿಯೊ ನನ್ನ ಜೊತೆ ಪಿಕಪ್ಪಿನಲ್ಲಿ ಕೂತ, ಹೆಲ್ಮೆಟ್ ಮಡಿಲಲ್ಲಿತ್ತು. ದಾರಿಯುದ್ದಕ್ಕೂ ನನ್ನ ಮೊಮ್ಮಕ್ಕಳ ವಿಷಯ ಕೇಳಿದ. ಇಳಿಯುವ ಜಾಗದಲ್ಲಿ ಬೆಂಕಿ ಹಚ್ಚಿದ, ಎಲೆಯಲ್ಲಿ ಮೀನು ಸುತ್ತಿ ಕೊಟ್ಟ, ಒದ್ದೆಯಾಗಿ ಬಂದ ಅತಿಥಿಗಳಿಗೆ ತಟ್ಟೆ ಹಿಡಿದ. ಡೆಲ್ಫಿನಾಳಿಗೂ ಒಂದು ತಟ್ಟೆ ಕೊಟ್ಟ. ಅವಳು ಇಸಿದುಕೊಂಡಳು, ತಿನ್ನಲಿಲ್ಲ. ಊಟ ಮುಗಿದ ಮೇಲೆ ಅವನು ಪಾತ್ರೆ ತಿಕ್ಕಿ ಇಟ್ಟು, ಪಿಕಪ್ ಬೇಡ ಎಂದು ಹೇಳಿ, ಹುಟ್ಟು ಹೆಗಲಿಗಿಟ್ಟುಕೊಂಡು ನಡೆದೇ ಹೋದ.

ಕಂಪನಿಯವರು ಒಪ್ಪಿದರು. ವರ್ಷದ ಕೆಲಸ ಸಿಕ್ಕಿತು. ಆದರೆ ನಮ್ಮೂರು ಎಷ್ಟು ದೊಡ್ಡದು? ಹಿತ್ತಲ ದೋಣಿಯ ವಿಷಯವೇ ಬಸ್ಸಿನವನಿಗೆ ಗೊತ್ತಾದ ಮೇಲೆ, ದಂಡೆಯಲ್ಲಿ ನಡೆದದ್ದು ಊರಿಗೆಲ್ಲ ಗೊತ್ತಾಗಲು ಎಷ್ಟು ಹೊತ್ತು ಬೇಕು? ಮಾರುಕಟ್ಟೆಯಲ್ಲಿ ಮೀನು ಮಾರುವವಳು ಡೆಲ್ಫಿನಾ ಹತ್ತಿರ ಬಂದ ಕೂಡಲೇ ಪಕ್ಕದವಳಿಗೆ ಕೇಳಿಸುವಂತೆ, "ಹೊಳೆ ದಾಟಿದ್ಮೇಲೆ ಅಂಬಿಗನ ಹಂಗ್ಯಾಕಮ್ಮ?" ಎಂದಳು. ಡೆಲ್ಫಿನಾ ಮೀನು ಕೊಳ್ಳದೆ ಬಂದಳು. ವಿಲ್ಮರ್ ತಾಯಿಯೊಡನೆ ತಾನಾಗಿ ಮಾತಾಡುವುದನ್ನು ನಿಲ್ಲಿಸಿದ್ದ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ, ಊಟಕ್ಕೆ ಮಾತ್ರ ನನ್ನಲ್ಲಿಗೆ ಬರುತ್ತಿದ್ದ.

ಒಂದು ದಿನ ಅವನು ತಟ್ಟೆ ತೊಳೆಯುತ್ತ, ಅವಳಿಗೆ ಕೇಳಿಸುವಂತೆ ನನಗೆ ಹೇಳಿದ: "ಅಕ್ಕಾ, ಪದ್ರಿನೊ ನನ್ನ ಕಂಡ್ರೆ ಈಗಲೂ ತಲೆ ಮೇಲೆ ಕೈಯಿಡ್ತಾರೆ. ಬೈದಿದ್ರೆ ಚೆನ್ನಾಗಿರ್ತಿತ್ತು."

ಡೆಲ್ಫಿನಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವನು ಹೋದ ಮೇಲೆ ಕುರ್ಚಿಯ ಮೇಲೆ ಕುಸಿದಳು. "ನನಗೆ ನನ್ನ ಮುಖ ನೋಡ್ಕೊಳ್ಳೋಕಾಗ್ತಿಲ್ಲ ಅಕ್ಕಾ" ಎಂದಳು. "ಅವರು ಬಂದು ಒಂದು ಮಾತು ಬೈದುಬಿಟ್ರೆ ಕಾಲಿಗೆ ಬೀಳ್ತಿದ್ದೆ. ಬರೋದೂ ಇಲ್ಲ, ಬೈಯೋದೂ ಇಲ್ಲ."

"ಬೈಸ್ಕೊಳ್ಳೋಕೂ ಅವರೇ ನಿನ್ನ ಮನೆಗೆ ಬರ್ಬೇಕಾ?" ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಎಂದೆ. "ಕೋಳಿ ಹಿಡ್ಕೋ. ನಾನೂ ಬರ್ತೀನಿ."

ನಮ್ಮಲ್ಲಿ ಕೊಂಪಾದ್ರೆಗೆ ತಪ್ಪು ಮಾಡಿದವರು ಬರಿಗೈಯಲ್ಲಿ ಹೋಗುವುದಿಲ್ಲ, ಒಬ್ಬರೇ ಹೋಗುವುದಿಲ್ಲ. ಜೀವಂತ ಕೋಳಿ ಒಯ್ಯಬೇಕು, ಒಬ್ಬ ಸಾಕ್ಷಿ ಬೇಕು. ತಪ್ಪನ್ನು ಕ್ಷಮಿಸಿದರೆ ಆ ಮನೆಯವರು ಕೋಳಿಯನ್ನು ಅಲ್ಲೇ ಬೇಯಿಸಿ, ತಪ್ಪು ಮಾಡಿದವರನ್ನೂ ಕೂರಿಸಿಕೊಂಡು ತಿನ್ನುತ್ತಾರೆ. ಡೆಲ್ಫಿನಾ ಗೂಡಿನಲ್ಲಿದ್ದ ಅತ್ಯಂತ ಒಳ್ಳೆಯ ಕೆಂಪು ಹೇಂಟೆಯನ್ನು ಹಿಡಿದಳು.

ವೆನಾನ್ಸಿಯೊ ಮನೆಯಲ್ಲೇ ಇದ್ದ. ಒಬ್ದುಲಿಯಾ ಬೆಂಚು ಒರೆಸಿ ಕೂರಿಸಿದಳು, ಚಿಚ ತಂದಳು. ಡೆಲ್ಫಿನಾ ಕೋಳಿಯನ್ನು ಕಾಲ ಬಳಿ ಇಟ್ಟು, "ಕೊಂಪಾದ್ರೆ, ತಪ್ಪಾಯ್ತು, ಕ್ಷಮಿಸಿ" ಎಂದಳು.

"ಏನು ತಪ್ಪು?" ಎಂದ ಅವನು, ಬಹಳ ಮೃದುವಾಗಿ. "ಏನೂ ಆಗಿಲ್ವಲ್ಲ ಕೊಮಾದ್ರೆ."

"ಅವತ್ತು ನದೀಲಿ..."

"ಅವತ್ತು ಊಟ ಚೆನ್ನಾಗಿತ್ತು. ಮೀನು ಹದವಾಗಿ ಬೆಂದಿತ್ತು. ಅಲ್ವೇನಮ್ಮಾ?" ಎಂದು ನನ್ನನ್ನು ಕೇಳಿದ. ನಾನೇನು ಹೇಳಲಿ, ಹೌದು ಎಂದೆ.

ಅವಳು ಮತ್ತೊಮ್ಮೆ ಪ್ರಯತ್ನಿಸಿದಳು, ಅವನು ಮತ್ತೊಮ್ಮೆ ಏನೂ ಆಗಿಲ್ಲ ಎಂದ. ಬೈಗುಳಕ್ಕೆ ಉತ್ತರ ಕೊಡಬಹುದು, ಈ ಮಾತಿಗೆ ಏನು ಕೊಡುವುದು? ಆಗದೇ ಇದ್ದದ್ದನ್ನು ಅವನು ಕ್ಷಮಿಸುವುದಾದರೂ ಹೇಗೆ? ಚಿಚ ಮುಗಿಯಿತು, ಮಾತು ಮುಗಿಯಿತು. ಅವಳು ಎದ್ದಳು. ಕೋಳಿಯನ್ನು ಬೆಂಚಿನ ಕೆಳಗೇ ಬಿಟ್ಟು ನಾವು ರಸ್ತೆಗೆ ಬಂದೆವು. ಬಸ್ಸಿಗಾಗಿ ಕಾಯುತ್ತ ನಾಲ್ಕಾರು ಜನ ನಿಂತಿದ್ದರು. ಹಿಂದಿನಿಂದ ಒಬ್ದುಲಿಯಾ ಓಡಿ ಬಂದಳು, ಕೋಳಿ ಕಂಕುಳಲ್ಲಿತ್ತು.

"ಕೊಮಾದ್ರೆ, ನಿಮ್ಮ ಕೋಳಿ ಮರೆತು ಹೋದ್ರಿ" ಎಂದಳು, ಮರ್ಯಾದೆಯಿಂದ.

ನಾನು ನೆಲ ನೋಡಿದೆ. ಬಸ್ಸಿಗೆ ಕಾಯುವವರೆಲ್ಲ ತಿರುಗಿ ನೋಡಿದರು. ಕೋಳಿ ವಾಪಸು ಬಂತು ಎಂದರೆ ಏನೆಂದು ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಡೆಲ್ಫಿನಾ ಕೈ ಚಾಚಲಿಲ್ಲ.

"ಮರೆತಿಲ್ಲ" ಎಂದಳು. ಧ್ವನಿ ಒಡೆದಿತ್ತು, ಆದರೆ ಸಣ್ಣದಿರಲಿಲ್ಲ. "ನಿಮ್ಮ ಗಂಡನ್ನ ನದಿಯಿಂದ ತೆಗೆದವಳು ನಾನು. ಕಂಪನಿ ಬೇಡ ಅಂತು, ನಿಜ. ಆದ್ರೆ ತೆಗೆದವಳು ನಾನು. ಇದೇ ಮನೇಲಿ ಕೂತ್ಕೊಂಡು ಚಿಚ ಕುಡಿದೆ, ಬಾಳೆಗೊನೆ ಇಸ್ಕೊಂಡೆ, ಹೇಳೋಕೆ ಮಾತ್ರ ಬಾಯಿ ಬರ್ಲಿಲ್ಲ. ಅವರಿಗೆ ಕಾಣಬಾರ್ದು ಅಂತಲೇ ದೋಣಿ ಹಿತ್ತಲಲ್ಲಿ ಬಚ್ಚಿಟ್ಟೆ. ಬಿಸಿಲಿಗಲ್ಲ. ಆಮೇಲೆ ಎಲ್ಲರೆದುರು ಅವರನ್ನ ಅಡುಗೆಯವರು ಅಂದೆ. ನನ್ನ ಮಗನ್ನ ಎತ್ತಿ ಹಿಡಿದವರನ್ನ. ನನಗೆ ಅನ್ನದ ದಾರಿ ತೋರಿಸಿದವರನ್ನ. ಆಗಿಲ್ಲ ಅನ್ಬೇಡಿ. ಆಗಿದೆ. ನಾನೇ ಮಾಡಿದ್ದು."

ಬಸ್ಸು ಬಂದು ನಿಂತಿತು. ಯಾರೂ ಹತ್ತಲಿಲ್ಲ. ಒಬ್ದುಲಿಯಾ ಕೋಳಿಯನ್ನು ಮತ್ತೆ ಕಂಕುಳಿಗೆ ಒತ್ತಿಕೊಂಡಳು.

"ಒಳಗೆ ಬನ್ನಿ. ಒಲೆ ಹಚ್ಚಬೇಕು" ಎಂದಳು.

ಕೋಳಿಯ ಪುಕ್ಕ ಕಿತ್ತವಳು ನಾನು. ಸಾರಿಗೆ ಉಪ್ಪು ಹಾಕಿದವಳು ಒಬ್ದುಲಿಯಾ. ಡೆಲ್ಫಿನಾಳಿಗೆ ಯಾರೂ ಯಾವ ಕೆಲಸವನ್ನೂ ಕೊಡಲಿಲ್ಲ, ಅವಳು ಕೈ ಮಡಚಿಕೊಂಡು ಕೂತಿದ್ದಳು. ವೆನಾನ್ಸಿಯೊ ಅವಳ ಎದುರಿಗೇ ಕೂತ. ಅವನಿಗೆ ರಸ್ತೆಯ ಮಾತೆಲ್ಲ ಕೇಳಿಸಿತ್ತು ಎಂಬುದು ಮುಖದಲ್ಲೇ ಇತ್ತು. ತಟ್ಟೆಗಳು ಬಂದ ಮೇಲೆ ಕೇಳಿದ:

"ಹಂಗಾದ್ರೆ ಇನ್ಮೇಲೆ ನಾನು ನದಿಗೆ ಬರೋ ಹಾಗಿಲ್ಲ, ಅಲ್ವಾ ಕೊಮಾದ್ರೆ?"

ಅವಳು ಜಾರಿಕೊಳ್ಳಬಹುದಿತ್ತು. ಕಂಪನಿಯವರಿಗೆ ಹೇಳಿ ನೋಡುತ್ತೇನೆ ಎನ್ನಬಹುದಿತ್ತು, ಮುಂದಿನ ವರ್ಷ ನೋಡೋಣ ಎನ್ನಬಹುದಿತ್ತು. ಆ ಜಾತಿಯ ಮಾತುಗಳಿಗೆ ನಮ್ಮಲ್ಲಿ ಬರಗಾಲ ಇಲ್ಲ.

"ಇಲ್ಲ ಕೊಂಪಾದ್ರೆ" ಎಂದಳು. "ಬರೋ ಹಾಗಿಲ್ಲ."

ಅವನ ಮುಖ ಸಣ್ಣದಾಯಿತು. ಅದನ್ನು ಅವನು ಮುಚ್ಚಿಡಲಿಲ್ಲ. ಕಣ್ಣು ಒರೆಸಿಕೊಂಡ. ಆಮೇಲೆ ತನ್ನ ತಟ್ಟೆಯಿಂದ ತೊಡೆಯ ತುಂಡು ತೆಗೆದು ಅವಳ ತಟ್ಟೆಗೆ ಹಾಕಿದ.

"ತಿನ್ನಿ" ಎಂದ. "ಆರಿದ್ರೆ ಚೆನ್ನಾಗಿರಲ್ಲ."

ಡೆಲ್ಫಿನಾ ತಿಂದಳು. ಅಷ್ಟು ಕಷ್ಟಪಟ್ಟು ಯಾರಾದರೂ ಕೋಳಿ ತಿಂದದ್ದನ್ನು ನಾನು ಕಂಡಿಲ್ಲ.